ಕಾಗದದೊಳಗಿನ ನೀರು
ದಾಂಡೇಲಿಯ ನಮ್ಮ ಓಣಿಯ ರಸಾಯನಶಾಸ್ತ್ರಜ್ಞೆ ಡಾಕ್ಟರ್ ಫಕೀರವ್ವನ ಮನೆಯಲ್ಲಿ ಒಂದು ಗಾಜಿನ ನಳಿಗೆಯೂ ಇಲ್ಲ. ಇರುವುದು ಒಂದು ಕಂಪ್ಯೂಟರ್, ಅದಕ್ಕೆ ಗಾಳಿ ಬೀಸುವ ಎರಡು ಟೇಬಲ್ ಫ್ಯಾನು. ಅಣುಗಳನ್ನು ಒಂದಕ್ಕೊಂದು ಹಿಡಿದಿಡುವ ಹೈಡ್ರೋಜನ್ ಬಂಧವನ್ನು ಲೆಕ್ಕ ಹಾಕಿ ತಿಳಿಯುವುದೇ ಅವಳ ಸಂಶೋಧನೆ. ಲೆಕ್ಕ ಓಡುವಾಗ ಕರೆಂಟು ಹೋದೀತೆಂದು ಮನೆಯಲ್ಲಿ ಯಾರೂ ಮಿಕ್ಸರ್ ಹಚ್ಚುವಂತಿಲ್ಲ, ಚಟ್ನಿ ಒರಳಿನಲ್ಲೇ ಆಗಬೇಕು. ಜೊಯಿಡಾದ ಬಸ್ಸಿನಲ್ಲಿ ಒತ್ತಿ ಕೂತವರ ನಡುವಿನ ಅಂತರವನ್ನೂ ಕಣ್ಣಲ್ಲೇ ಅಳೆದು, "ಇಷ್ಟ ಹತ್ರ ಬಂದ್ರ ಬಂಧ ಆಗೂದಿಲ್ರಿ, ಜಗಳ ಆಗ್ತೈತಿ," ಎನ್ನುತ್ತಾಳೆ. ಹೋದ ವರ್ಷ ಕಾಗದದ ನಾರಿನ ಮಾದರಿ ಕಟ್ಟಿದವಳು, ಲೆಕ್ಕ ಹಗುರಾಗಲೆಂದು ಅದರೊಳಗಿನ ನೀರನ್ನೆಲ್ಲ ತೆಗೆದುಬಿಟ್ಟಳು. ಎಂಟು ದಿನ ಕಂಪ್ಯೂಟರ್ ಬೆವರಿತು. ಪರದೆಯ ಮೇಲೆ ಬಗ್ಗಿಸಿದಾಗಲೆಲ್ಲ ನಾರು ಹಪ್ಪಳದಂತೆ ಮುರಿಯಿತು. ಎರಡು ವರ್ಷದ ಕೆಲಸ ಮಣ್ಣುಪಾಲಾಗುವುದರಲ್ಲಿತ್ತು. ಕಾಗದದ ಮಿಲ್ಲಿನ ಒಣಗಿಸುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಅವಳಪ್ಪ ದ್ಯಾಮಪ್ಪ, ಚಹಾ ತಂದಿಡುವಾಗ ಪರದೆ ನೋಡಿ, "ಎಲ್ಲಾ ನೀರು ತಗದೀಯೇನವಾ? ಒಂದೀಟ ಹಸಿ ಉಳಿಸಲಿಲ್ಲಂದ್ರ ಕಾಗದ ಮುರೀದ ಏನ್ ಮಾಡ್ತೈತಿ?" ಎಂದ. ನೀರು ಮರಳಿತು, ನಾರು ಬಾಗಿತು, ಪ್ರಬಂಧ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಎರಡನೆಯ ಲೇಖಕ ದ್ಯಾಮಪ್ಪ. ಇಂಗ್ಲಿಷ್ ಓದಲು ಬಾರದ ಅವನು, ತನ್ನ ಹೆಸರಿದ್ದ ಹಾಳೆಯನ್ನು ಸದ್ದಿನಲ್ಲೇ ತೇವ ಅಳೆಯುವ ಮಿಲ್ಲಿನ ರೂಢಿಯಂತೆ ಕಿವಿಯ ಹತ್ತಿರ ಹಿಡಿದು ಪಟಪಟನೆ ಅಲ್ಲಾಡಿಸಿ, "ಹಸಿ ಬರೋಬ್ಬರಿ ಐತಿ," ಎಂದು ತೀರ್ಪು ಕೊಟ್ಟ. ಪತ್ರಿಕೆಯವರು ಒಪ್ಪಿದ ದಿನ ಯಾರಿಗೂ ಸಿಹಿ ಕೊಡದ ಫಕೀರವ್ವ, ಅಪ್ಪ ಒಪ್ಪಿದ ದಿನ ಓಣಿಗೆಲ್ಲ ಪೇಢೆ ಹಂಚಿದಳು.