ಲಾಯ್ಕ ಉಂಟು ಎಂದು ಬರೆದುಕೊಟ್ಟದ್ದು

ಆ ಭಾನುವಾರ ಬೆಳಿಗ್ಗೆ ನಾನು ನೀರುದೋಸೆಯ ಹಿಟ್ಟು ಕದಡುತ್ತಿದ್ದೆ. ಸೌಟು ಎತ್ತಿ ಹಿಟ್ಟಿನ ಹದ ನೋಡಿದ್ದು, ಮೊದಲ ದೋಸೆ ಹರಿದದ್ದು, ಅದನ್ನು ನಾನೇ ಒಲೆಯ ಮುಂದೆ ನಿಂತು ತಿಂದು ಮುಗಿಸಿದ್ದು, ಎಲ್ಲ ದಿನದಂತೆಯೇ. ಮನೆಯವರು ಕಡಬ ಪೇಟೆಗೆ ಹೋಗಿದ್ದರು. ಊಟದ ಮೇಜಿನ ಮೂಲೆಯಲ್ಲಿ ಅವರ ಹಳೆಯ ಲ್ಯಾಪ್‌ಟಾಪ್ ಇತ್ತು, ಧೂಳು ಕೂರದಂತೆ ನಾನು ಹೆಣೆದ ಕ್ರೋಶಾ ಬಟ್ಟೆಯನ್ನು ಹೊದ್ದುಕೊಂಡು.

ಒಂಬತ್ತು ಗಂಟೆಗೆ ಮೈದುನ ಬಂದ. ಅವನು ಸುಳ್ಯದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವವನು. ಕೆಲಸ ಮುಗಿದ ಮೇಲೆ ಉಳಿದ ಹೊತ್ತನ್ನೆಲ್ಲ ಮೂರು ವರ್ಷಗಳಿಂದ ಒಂದೇ ವಿಷಯಕ್ಕೆ ಕೊಟ್ಟಿದ್ದ. ಲಿನಕ್ಸ್ ಎಂಬ, ಯಾರು ಬೇಕಾದರೂ ಬಿಡಿಸಿ ತಿದ್ದಿಕೊಳ್ಳಬಹುದಾದ ವ್ಯವಸ್ಥೆ ಇದೆಯಲ್ಲ, ಅದನ್ನು ಹಳೆಯ ಕಂಪ್ಯೂಟರುಗಳಲ್ಲಿ ಓಡುವ ಹಾಗೆ, ಪರದೆಯ ಮೇಲಿನ ಪ್ರತಿ ಅಕ್ಷರವೂ ಕನ್ನಡದಲ್ಲೇ ಇರುವ ಹಾಗೆ ಮಾಡುವುದು. ಕಳೆದ ವರ್ಷ ಅದರ ಬೀಟಾ ಬಂದಿತ್ತು. ಬೀಟಾ ಎಂದರೆ ಇನ್ನೂ ಪೂರ್ತಿಯಾಗದ್ದು, ಬಳಸಿ ನೋಡಿ ತಪ್ಪು ಹೇಳಿ ಎಂದು ಕೊಡುವಂಥದ್ದು. ನೆಂಟರು, ಪರಿಚಯದವರು ಸೇರಿ ಹತ್ತು ಹದಿನೈದು ಮಂದಿಯ ಕಂಪ್ಯೂಟರಿಗೆ ಅವನೇ ಮನೆಮನೆಗೆ ಹೋಗಿ ಹಾಕಿಕೊಟ್ಟಿದ್ದ. ನಮ್ಮದಕ್ಕೂ, ಪಕ್ಕದ ಮನೆಯವರದ್ದಕ್ಕೂ. ತಿಂಗಳಿಗೊಮ್ಮೆ ಅಭಿಪ್ರಾಯದ ಹಾಳೆಯನ್ನೂ ಕಳಿಸುತ್ತಿದ್ದ.

ಅಂದು ಅವನು ಬಂದದ್ದು ಕೊನೆಯ ಹಾಳೆ ತುಂಬಿಸಿಕೊಳ್ಳಲು. ಮುಂದಿನ ತಿಂಗಳು ಎಲ್ಲರಿಗೂ ಬಿಡುಗಡೆ ಮಾಡುವುದೆಂದು ನಿಶ್ಚಯಿಸಿದ್ದ.

"ಅತ್ತಿಗೆ, ಇದರಲ್ಲಾದ್ರೂ ಎಂತಾದ್ರೂ ಬೈಯಿರಿ ಮಾರಾಯ್ರೆ," ಎಂದ ದೋಸೆ ಮಡಚುತ್ತಾ. "ಎಲ್ಲರೂ ಲಾಯ್ಕ ಉಂಟು, ಲಾಯ್ಕ ಉಂಟು ಅಂತಲೇ ಬರೀತಾರೆ. ನಾನು ಕೇಳುದು ಮದುವೆ ಊಟ ಹೇಗಾಯ್ತು ಅಂತ ಅಲ್ಲ."

ನಾನು ನಕ್ಕೆ. ನಾನೂ ಹಾಗೆಯೇ ಬರೆದವಳು. 'ಏನಾದರೂ ತೊಂದರೆ ಕಂಡಿತೇ?' ಎಂಬಲ್ಲಿ ಪ್ರತಿ ತಿಂಗಳೂ, 'ಏನೂ ಇಲ್ಲ. ತುಂಬಾ ಚೆನ್ನಾಗಿದೆ. ಶ್ರಮಕ್ಕೆ ಧನ್ಯವಾದಗಳು.' ಕಾನ್ವೆಂಟಿನಲ್ಲಿ ಪತ್ರ ಬರೆಯಲು ಕಲಿಸಿದ ಸಿಸ್ಟರ್ ನೋಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.

ಆದರೆ ತೊಂದರೆ ಇತ್ತು. ದೀಪಾವಳಿಗೆ ಮುಂಚೆ ನಾನು ಅಮ್ಮನಿಂದ ಕೇಳಿಕೊಂಡ ಅಡುಗೆಗಳನ್ನೆಲ್ಲ ಟೈಪ್ ಮಾಡಿ, ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟು, ಲ್ಯಾಪ್‌ಟಾಪಿನ ಮುಚ್ಚಳ ಹಾಗೇ ಮುಚ್ಚಿದ್ದೆ. ಮರುದಿನ ತೆರೆದರೆ ಹೆಸರು ಮಾತ್ರ ಇತ್ತು, ಒಳಗೆ ಬಿಳಿ ಹಾಳೆ. ಮತ್ತೆ ಬರೆದೆ, ಒಂದು ವಾರದ ನಂತರ ಮತ್ತೆ ಹಾಗೇ ಆಯಿತು. ಮೂರನೆಯ ಸಲ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟೆ. ಆಮೇಲೆ ಒಂದು ಸಲವೂ ಹೋಗಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಉಣ್ಣುವಾಗ ಸಾರಿಗೆ ಉಪ್ಪು ಕಡಿಮೆಯಾದರೆ ನಾವು ಹೇಳುತ್ತೇವೆಯೇ? ಬಾಳೆಲೆಯ ತುದಿಯಲ್ಲಿ ಬಡಿಸಿದ ಉಪ್ಪನ್ನು ಬೆರಳಲ್ಲಿ ಸ್ವಲ್ಪ ಎಳೆದುಕೊಂಡು, ಕಲಸಿ ಉಂಡು ಏಳುತ್ತೇವೆ. ನಾನು ಮಾಡಿದ್ದೂ ಅದನ್ನೇ. ಅದೊಂದು ಸೌಜನ್ಯ ಎಂದುಕೊಂಡಿದ್ದೆ. ಕಣ್ಣ ಕೆಳಗೆ ಕಪ್ಪು ಕಟ್ಟಿಕೊಂಡು ದುಡಿಯುವ ಹುಡುಗನಿಗೆ ಹೇಗೆ ಹೇಳುವುದು?

ಅವನು ನಾಲ್ಕನೆಯ ದೋಸೆಯಲ್ಲಿದ್ದಾಗ ಫೋನ್ ಬಂತು. ಮರ್ಕಂಜದಿಂದ, ನನಗೆ ಕಾನ್ವೆಂಟಿನಲ್ಲಿ ಕನ್ನಡ ಕಲಿಸಿದ ಟೀಚರು. ನಿವೃತ್ತರಾದ ಮೇಲೆ ಅವರು ತಮ್ಮ ಅತ್ತೆ ಹಾಡುತ್ತಿದ್ದ ಸುಳ್ಯ ಕಡೆಯ ಆಡುಮಾತಾದ ಅರೆಭಾಷೆಯ ಸೋಬಾನೆ ಹಾಡುಗಳನ್ನು ಬರೆದಿಡಲು ಕುಳಿತಿದ್ದರು. ಅತ್ತೆಗೆ ತೊಂಬತ್ತು ದಾಟಿತ್ತು. ಮೊಬೈಲ್ ಹಿಡಿದರೆ ಸೆರಗಿನಿಂದ ಬಾಯಿ ಮುಚ್ಚಿ ನಗುವವರು, ರೆಕಾರ್ಡ್ ಮಾಡಿಸಿಕೊಳ್ಳುತ್ತಲೇ ಇರಲಿಲ್ಲ. ಹಾಡುತ್ತಾ ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ಕೂತು ಬರೆಯಬೇಕು, ಅಷ್ಟೇ. ಯಾವ ವ್ಯವಸ್ಥೆಯಲ್ಲಿ ಟೈಪ್ ಮಾಡುವುದು ಎಂದು ಟೀಚರು ಕೇಳಿದಾಗ ಮೈದುನನದ್ದನ್ನು ಹೇಳಿದವಳು ನಾನು. "ನಂಬಬಹುದಾ?" ಎಂದು ಕೇಳಿದ್ದರು. "ಲಾಯ್ಕ ಉಂಟು ಟೀಚರೇ," ಎಂದಿದ್ದೆ. ಅತ್ತೆ ಎರಡು ತಿಂಗಳ ಹಿಂದೆ ಪುತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ವರ್ಷಾಂತಿಕಕ್ಕೆ ಬಂದವರ ಕೈಗೆ ಹಾಡುಗಳ ಸಣ್ಣ ಪುಸ್ತಕ ಕೊಡಬೇಕೆಂದು ಟೀಚರ ಆಸೆ.

"ನಿನ್ನ ಮೈದುನ ಅಲ್ಲಿ ಉಂಟಾ?" ಎಂದರು ಫೋನಿನಲ್ಲಿ. "ನಿನ್ನೆ ರಾತ್ರಿ ಮುಚ್ಚಳ ಮುಚ್ಚಿಟ್ಟದ್ದಷ್ಟೇ, ಹಾಡಿನ ಫೈಲು ಖಾಲಿ ಕಾಣ್ತಾ ಉಂಟು. ನಾನೇ ಎಂತದೋ ತಪ್ಪು ಒತ್ತಿದೆನೋ ಏನೋ."

ಕಾವಲಿಯಲ್ಲಿದ್ದ ದೋಸೆ ಸೀಯುವವರೆಗೂ ನಾನು ಹಾಗೇ ನಿಂತಿದ್ದೆ.

ಅವನ ಕಾರಿನಲ್ಲಿ ಮರ್ಕಂಜಕ್ಕೆ ಹೋದೆವು. ಟೀಚರು ಲ್ಯಾಪ್‌ಟಾಪನ್ನು ಮಂಚದ ಮೇಲೆ ಇಟ್ಟು, ಮುಟ್ಟಿದರೆ ಇನ್ನೇನಾದರೂ ಆದೀತೆಂದು ದೂರ ಕೂತಿದ್ದರು. ಎಲ್ಲ ಹಾಡುಗಳೂ ಒಂದೇ ಫೈಲಿನಲ್ಲಿ. ಹೆಸರು ಕನ್ನಡದಲ್ಲಿ, 'ಅತ್ತೆಯ ಹಾಡುಗಳು'. ಮೈದುನ ಕಪ್ಪು ಪರದೆ ತೆರೆದು ಏನೇನೋ ಟೈಪ್ ಮಾಡಿದ. ಅಳಿದದ್ದನ್ನು ಹುಡುಕುವ ಉಪಾಯಗಳನ್ನೆಲ್ಲ ನೋಡಿದ. ಎರಡು ಗಂಟೆಯಾದ ಮೇಲೆ ಕೈ ಎತ್ತಿ ಕೂತ.

"ಕಾಗದದಲ್ಲಿ ಬರೆದದ್ದು ಉಂಟಲ್ಲ ಟೀಚರೇ?" ಎಂದು ಕೇಳಿದ.

"ಟೈಪ್ ಆದದ್ದನ್ನು ಬಚ್ಚಲೊಲೆಗೆ ಹಾಕ್ತಿದ್ದೆ," ಎಂದರು. "ಬೆಂಕಿ ಹಿಡಿಸ್ಲಿಕ್ಕೆ ಒಳ್ಳೆದಾಗ್ತಿತ್ತು."

ಟೀಚರು ಮೆಲ್ಲಗೆ ಒಂದು ಹಾಡು ಎತ್ತಿಕೊಂಡರು. ಮದುಮಗಳಿಗೆ ಎಣ್ಣೆ ಹಚ್ಚುವ ಹಾಡು. ಎರಡನೆಯ ಸಾಲಿನಲ್ಲಿ ನಿಂತರು. ಮತ್ತೆ ಮೊದಲಿನಿಂದ ಶುರು ಮಾಡಿದರು, ಮತ್ತೆ ಅಲ್ಲಿಯೇ ನಿಂತರು. ಬಲಗೈ ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು.

ಆಮೇಲೆ ನನ್ನ ಕಡೆ ತಿರುಗಿ, "ನಿನ್ನಲ್ಲಿ ಹೀಗೆ ಆಗ್ಲಿಲ್ವಾ?" ಎಂದರು. ಅದರಲ್ಲಿ ಆಕ್ಷೇಪ ಇರಲಿಲ್ಲ. ತಪ್ಪು ತಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಲು ಕೇಳಿದ್ದು.

"ಆಗಿತ್ತು ಟೀಚರೇ," ಎಂದೆ. "ಎರಡು ಸಲ."

ಮೈದುನ ಪರದೆಯಿಂದ ತಲೆ ಎತ್ತಿದ. "ಯಾವಾಗ?"

"ದೀಪಾವಳಿಗೆ ಮೊದಲು."

ಅವನು ಟೀಚರ ಮುಖ ನೋಡಿ, ಮತ್ತೆ ಪರದೆಯ ಕಡೆ ತಿರುಗಿದ. ಟೀಚರು ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಮೂರು ಲೋಟ ಕಾಫಿ ಇತ್ತು. ಸಕ್ಕರೆ ಹಾಕಲು ಮರೆತಿದ್ದರು. ನಾವಿಬ್ಬರೂ ಕುಡಿದೆವು, ಯಾರೂ ಹೇಳಲಿಲ್ಲ.

ಹಿಂದೆ ಬರುವಾಗ, ಸುಳ್ಯ ದಾಟಿದ ಮೇಲೆ ಅವನು ರಸ್ತೆಯನ್ನೇ ನೋಡುತ್ತಾ, "ಒಂದು ಸಾಲು ಬರ್ದಿದ್ರೆ ಸಾಕಿತ್ತು ಅತ್ತಿಗೆ. ಸರಿ ಮಾಡ್ಲಿಕ್ಕೆ ಎರಡು ದಿನದ ಕೆಲಸ ಅದು," ಎಂದ. ಬೈದಿದ್ದರೆ ಒಳ್ಳೆಯದಿತ್ತು. ನಮ್ಮೂರು ಕೋಡಿಂಬಾಳದಲ್ಲಿ ನನ್ನನ್ನು ಇಳಿಸಿ, ಒಳಗೂ ಬರದೆ ಹೋದ. ಬಿಡುಗಡೆ ಯಾವಾಗ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಮೇಜಿನ ಮೇಲೆ ಬೆಳಿಗ್ಗೆಯ ಹಾಳೆ ಹಾಗೇ ಇತ್ತು. ಕುಳಿತು ಎಲ್ಲವನ್ನೂ ಬರೆದೆ. ಹೆಸರು ಕನ್ನಡದಲ್ಲಿ ಕೊಟ್ಟದ್ದು, ಮುಚ್ಚಳ ಮುಚ್ಚಿದ್ದು, ಹಾಳೆ ಖಾಲಿಯಾದದ್ದು. ನಾಲ್ಕು ಸಾಲಿನಲ್ಲಿ ಮುಗಿಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಹೆಪ್ಪಿಗೆ ಸ್ವಲ್ಪ ಮೊಸರು ಕೇಳಿಕೊಂಡು ಬಂದಳು. ನನ್ನ ಮುಖ ನೋಡಿ ಎಂತಾಯ್ತು ಎಂದು ಕೇಳಿದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಾ ಕೇಳಿಸಿಕೊಂಡಳು.

"ಓ, ಅದಾ?" ಎಂದಳು, ಮೆಟ್ಟಿಲಿಳಿಯುತ್ತಾ. "ನಮ್ಮಲ್ಲಿ ಮೊದಲ ವಾರವೇ ಹಾಗಾಗಿತ್ತಲ್ಲ ಅಕ್ಕ. ಮಗಳ ಪ್ರಬಂಧ ಇಡೀ ಹೋಯ್ತು, ಅವಳು ಅತ್ತದ್ದೇ ಅತ್ತದ್ದು. ನಿಮ್ಮ ಮೈದುನ ಅಲ್ವಾ, ನಿಮಗೆ ಬೇಜಾರಾಗುದು ಬೇಡ ಅಂತ ನಾನೇ ಅವಳ ಹತ್ರ ಲಾಯ್ಕ ಉಂಟು ಅಂತ ಬರ್ಸಿದ್ದು."