ಟೈರಿನ ಮೇಲೆ ಕೂತ ಎಂಜಿನ್

ಬೆಳಿಗ್ಗೆ ಐದಕ್ಕೆ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಮನೆಯಲ್ಲಿ ಎಂದಿನಂತೆ ಹಾಲು ಕಾಯಿಸಿ, ಫ್ಲಾಸ್ಕಿಗೆ ಕಾಫಿ ತುಂಬಿ, ಚಿತ್ರಾನ್ನ ಕಟ್ಟಿಕೊಂಡೆ. ಕಾರಿನ ಹಿಂದಿನ ಟ್ರೇಲರ್‌ನಲ್ಲಿ ಗೇರ್‌ಬಾಕ್ಸ್ ಸಮೇತ ಒಂದು ಡೀಸೆಲ್ ಎಂಜಿನ್. ಮೆಲ್ಬರ್ನ್‌ನಲ್ಲಿರುವ ಮೈದುನನ ಕೆಟ್ಟು ನಿಂತ ಲಾರಿಗೆ. ಮಂಗಳೂರಿನ ಗ್ಯಾರೇಜುಗಳಲ್ಲಿ ಇಡುವಂತೆ ನನ್ನ ಯಜಮಾನರು ಅದನ್ನು ಹಳೆಯ ಟೈರಿನ ಮೇಲೆ ಕೂರಿಸಿ ಬೆಲ್ಟ್ ಬಿಗಿದಿದ್ದರು.

ಎರಡು ಗಂಟೆ ಕಳೆದಿರಬಹುದು. ಕನ್ನಡಿಯಲ್ಲಿ ನೋಡಿದರೆ ಒಂದು ಬೆಲ್ಟ್ ಪಟಪಟ ಬಡಿಯುತ್ತಿತ್ತು. ನಮ್ಮ ಹಿಂದೆ ಬರುತ್ತಿದ್ದ ಕಾರಿನಲ್ಲಿ ಇಬ್ಬರು ಮಕ್ಕಳಿದ್ದರು.

"ರೀ, ಬೆಲ್ಟ್ ಸಡಿಲ ಆಗಿದೆ, ನಿಲ್ಸಿ."

"ಗಾಳಿಗೆ ಕಣೇ. ಹೊರಟಾಗಿಂದ ನೀನು ಆ ಕನ್ನಡೀನೇ ನೋಡ್ತಿದ್ದೀಯ."

"ಅದು ಜಾರಿ ಆ ಮಕ್ಕಳ ಮೇಲೆ ಬಿದ್ರೆ?"

ಹೆದ್ದಾರಿ ಬದಿಯ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದರು. ಅಲ್ಲಿದ್ದ ನರೆಗೂದಲಿನ ಲಾರಿ ಡ್ರೈವರ್ ಹೆಂಗಸು ಟೈರ್ ನೋಡಿ ನಕ್ಕರು. "ಒಳ್ಳೇ ದಿಂಬು ಕೊಟ್ಟಿದ್ದೀರಿ. ರಸ್ತೆ ಕುಲುಕಿದ ಹಾಗೆ ಇದು ಕುಗ್ಗುತ್ತೆ, ಬೆಲ್ಟ್ ಸಡಿಲ ಆಗುತ್ತೆ." ತಮ್ಮ ಲಾರಿಯ ಪುಟ್ಟ ಕ್ರೇನಿನಿಂದ ಎಂಜಿನ್ ಎತ್ತಿ, ಟೈರ್ ತೆಗೆದು ಮರದ ದಿಮ್ಮಿ ಇಟ್ಟರು, ಗೇರ್‌ಬಾಕ್ಸಿನ ಕೆಳಗೂ ಒಂದು. ಬೆಲ್ಟುಗಳನ್ನು ಅಡ್ಡಡ್ಡ ಬಿಗಿದ ಮೇಲೆ ಒಂದೊಂದನ್ನೂ ಬೆರಳಿನಿಂದ ಮೀಟಿ, ತಂಬೂರಿ ಶ್ರುತಿ ಮಾಡುವವರ ಹಾಗೆ ಕಿವಿಗೊಟ್ಟು ಕೇಳಿದರು.

ಆಮೇಲೆ ನಿಲ್ಲಿಸಿದಲ್ಲೆಲ್ಲ ನಾನೂ ಇಳಿದು ಮೀಟಿದೆ.

ಸಂಜೆ ಮೈದುನನ ಮನೆಯಲ್ಲಿ ಎಂಜಿನ್ ಇಳಿಸಿದರು. ಖಾಲಿ ಟ್ರೇಲರ್ ಕಂಡ ಮೇಲೆಯೇ ನಾನು ಕಾಫಿ ಕುಡಿದದ್ದು. ಪಕ್ಕದ ಮನೆಯ ಅಂಕಲ್ ಬೇಲಿಯಾಚೆ ಗಿಡಕ್ಕೆ ನೀರು ಬಿಡುತ್ತಲೇ ಕೇಳಿದರು: "ಲಾರಿಯ ಹಳೇ ಎಂಜಿನ್ನ ಇದನ್ನ ಮಾರಿದ ಸಿಡ್ನಿ ಅಂಗಡಿಯೋರಿಗೆ ವಾಪಸ್ ಕೊಡ್ಬೇಕಂತಲ್ಲ, ಹೋಗೋವಾಗ ನೀವೇ ತಗೊಂಡ್ ಹೋಗ್ತೀರಾ?"