ಹೆಣ್ಣಿನ ಕೂಗು

ವಿಲ್ಫಿಯಣ್ಣ ಅಂದು ಹೇಳಿದ್ದು ನನಗೆ ಸರಿಯಾಗಿಯೇ ಅರ್ಥವಾಗಿತ್ತು. ತಪ್ಪಾಗಿ ಅರ್ಥವಾಯಿತು ಎಂದು ಸುಳ್ಳು ಹೇಳಿದೆ — ಇಷ್ಟು ವರ್ಷ ಆ ಸುಳ್ಳನ್ನೇ ಉಳಿಸಿಕೊಂಡು ಬಂದೆ.

ಅವರು ಉಡುಪಿ ಕಡೆಯ ಕ್ಯಾಥೊಲಿಕರು, ಮನೆಮಾತು ಕೊಂಕಣಿ. ಇಂಗ್ಲಿಷರ ನಾಡಿನ ಹೌನ್ಸ್ಲೋದಲ್ಲಿ ನಮ್ಮ ಪಕ್ಕದ ಮನೆ. ವಾರವೆಲ್ಲ ವಿಮಾನ ನಿಲ್ದಾಣದ ಕಾರ್ಗೋ ಕೆಲಸ. ಶನಿವಾರ ಬ್ರಾಮ್ಲಿ ಹಳ್ಳಿಯಾಚೆ ಒಬ್ಬ ರೈತನ ಕಾಡಿನಲ್ಲಿ, ಅವನ ಒಪ್ಪಿಗೆಯ ಮೇಲೆ, ಜಿಂಕೆ ಬೇಟೆ. ಬೆಂಗಳೂರಿನವಳಾದ ನನಗೆ ಕೋವಿ ಬೇಡವಾಗಿತ್ತು, ಜಿಂಕೆಯನ್ನು ಕರೆಯುವ ಪುಟ್ಟ ಪೀಪಿ ಸಾಕಾಗಿತ್ತು. ಊದಲು ಅವರೇ ಕಲಿಸಿದರು. ವಿಮಾನಗಳ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ಸಣ್ಣ ಸ್ವರಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅದಕ್ಕೇ ನಾನು ಬೇಕಾಗಿದ್ದೆ.

ಬೆದೆಯ ಕಾಲ ಆಗಸ್ಟ್. ಆಗ ಹೆಣ್ಣು ಕೂಗಿದಂತೆ ಊದಿದರೆ ಗಂಡು ಬರುತ್ತದೆ. ಮರಿಯ ಹಾಗೆ ಕೀರಿದರೆ ತಾಯಿ ಓಡಿಬರುತ್ತದೆ. ಅದನ್ನು ಊದಲೇಬಾರದು, ಮರಿ ಸಾಕುವ ಕಾಲದಲ್ಲಿ ಹೆಣ್ಣನ್ನು ಹೊಡೆಯುವುದು ಕಾನೂನಿಗೂ ವಿರುದ್ಧ.

ಆ ಆಗಸ್ಟ್‌ನ ಒಂದು ಶನಿವಾರ ಎಷ್ಟು ಊದಿದರೂ ಏನೂ ಬರಲಿಲ್ಲ.

"ಎಂಥ ಮಾರಾಯ್ತಿ, ಹೆಣ್ಣಾಗಿ ನಿಂಗೆ ಹೆಣ್ಣಿನ ಕೂಗು ಬರುದಿಲ್ವಾ? ನಮ್ಮನೆ ಕುಕ್ಕರ್ ಇದಕ್ಕಿಂತ ಚಂದ ಕೂಗ್ತದೆ" ಎಂದು ಪಿಸುಗುಟ್ಟಿ ನಕ್ಕರು. ಆಮೇಲೆ, "ಇನ್ನೊಮ್ಮೆ ಊದು, ಹೆಣ್ಣಿನ ಕೂಗು."

ನಾನು ಮರಿಯ ಕೂಗು ಊದಿದೆ.

ಅವಮಾನವಾಗಿತ್ತು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ಈಗ ಅದರ ಮೇಲೆ ನಂಬಿಕೆಯಿಲ್ಲ — ಬರೆಯುವಾಗಲೂ ನೆನಪು ನನಗೆ ಅನುಕೂಲವಾದ ಕಡೆಗೇ ವಾಲುತ್ತದೆ. ನಾನು ಕರೆದದ್ದಕ್ಕೆ ಏನಾದರೊಂದು ಬರಲಿ... ಮನಸ್ಸಿನಲ್ಲಿ ಅಷ್ಟೇ ಇದ್ದಿರಬೇಕು.

ಪೊದೆಯ ಸಂದಿನಲ್ಲಿ ಕಂದು ಭುಜ ಕಂಡಿತು, ತಲೆ ಎಲೆಗಳ ಹಿಂದೆ. ನನ್ನ ಕೂಗಿಗೆ ಬಂದದ್ದು ಗಂಡೇ ಎಂದು ನಂಬಿ ಅವರು ಗುಂಡು ಹಾರಿಸಿದರು. ಬಿದ್ದದ್ದು ಹೆಣ್ಣು. ಕೆಚ್ಚಲಲ್ಲಿ ಹಾಲಿತ್ತು.

"ಯಾವುದು ಊದಿದ್ದು ನೀನು?"

"ಹೆಣ್ಣಿನ ಕೂಗು ಅಂದ್ರಲ್ಲಣ್ಣ... ಹೆಣ್ಣನ್ನ ಕರೆಯೋ ಕೂಗು ಅಂದ್ಕೊಂಡೆ."

ಕೋವಿಯನ್ನು ಮರಕ್ಕೆ ಒರಗಿಸಿ, "ನನ್ನ ಕನ್ನಡವೇ ಹಾಗೆ. ಸರಿ ಹೇಳ್ಲಿಕ್ಕೆ ಬರುದಿಲ್ಲ" ಎಂದರು.

ಸಂಜೆಯವರೆಗೂ ಮರಿಯನ್ನು ಹುಡುಕಿದೆವು, ಸಿಗಲಿಲ್ಲ. ರೈತನ ಬಳಿ ಅವರೇ ಹೋಗಿ ತಪ್ಪೊಪ್ಪಿಕೊಂಡರು, ನನ್ನ ಹೆಸರೆತ್ತಲಿಲ್ಲ. ಅವನು ಇನ್ನು ಬರಬೇಡಿ ಎಂದ. ಕೋವಿಯನ್ನೂ ಬಿಟ್ಟರು. ಅದಕ್ಕಿಂತ ಹೆಚ್ಚಾಗಿ — ನನ್ನೊಡನೆ ಕನ್ನಡ ಮಾತಾಡುವುದನ್ನೇ ಬಿಟ್ಟರು. ಬೇಲಿಯಾಚೆಯಿಂದ ಕೌನ್ಸಿಲ್‌ನ ಕಸದ ಗಾಡಿಯ ಮಾತಾದರೂ ಈಗ ಇಂಗ್ಲಿಷಿನಲ್ಲಿ. ಜೋಪಾನವಾಗಿ, ತೂಗಿ ತೂಗಿ. ಮಾರಾಯ್ತಿ ಎಂದು ಕರೆಯುವವರು ಈ ಊರಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ.

ಗುಂಡು ಹಾರಿಸುವ ಮುಂಚೆ ತಾನು ನೋಡಬೇಕಿತ್ತು ಎಂದು ಅವರು ಹೇಳಬಹುದು. ಅದರ ಮರೆಯಲ್ಲಿ ನಾನು ನಿಲ್ಲುವಂತಿಲ್ಲ. ಅವರ ಕನ್ನಡದಲ್ಲಿ ಯಾವ ತಪ್ಪೂ ಇರಲಿಲ್ಲ. ನಾಳೆ ಭಾನುವಾರ, ಅವರು ಇಗರ್ಜಿಯಿಂದ ಬಂದ ಮೇಲೆ ಬಾಗಿಲು ತಟ್ಟಿ ಇಷ್ಟನ್ನು ಹೇಳುತ್ತೇನೆ. ಅವರು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೆ, ಕೇಳಿಸಿಕೊಂಡು ಬರುತ್ತೇನೆ.